ಮೇರಿ ಸೆಲೆಸ್ಟ್: ಮತ್ತದೇ ಬಿಸಿ ಚಹಾದ ಪ್ರಶ್ನೆ

ಪ್ರಶ್ನೆ: ಮೇರಿ ಸೆಲೆಸ್ಟ್ ಹಾಯಿಹಡಗಿನಲ್ಲಿ ಬಿಸಿ ಚಹಾ, ಅರ್ಧ ತಿಂದ ಊಟ ಇತ್ತಂತೆ. ಹತ್ತು ಜನ ಹೇಗೆ ಮಾಯವಾದರು?

ಉತ್ತರ: ಮಾಯವಾಗಲಿಲ್ಲ, ದೋಣಿ ಇಳಿಸಿಕೊಂಡು ಹೋದರು. ಎಷ್ಟು ಸಲ ಹೇಳಲಿ? 1872ರ ಡಿಸೆಂಬರ್‌ನಲ್ಲಿ ಅಜೋರ್ಸ್ ದ್ವೀಪಗಳು ಮತ್ತು ಪೋರ್ಚುಗಲ್ ನಡುವೆ ‘ಡೀ ಗ್ರಾಷಿಯಾ’ ಹಡಗಿನ ಮೇಟ್ (ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ) ಆಲಿವರ್ ಡೆವೊ ಇದನ್ನು ಹತ್ತಿ ನೋಡಿದಾಗ ಬಿಸಿ ಚಹಾ ಇರಲಿಲ್ಲ, ಊಟವೂ ಇರಲಿಲ್ಲ. ಇದ್ದ ಒಂದೇ ದೋಣಿ ಇರಲಿಲ್ಲ. ಕ್ರೊನೋಮೀಟರ್, ಸೆಕ್ಸ್‌ಟಂಟ್, ಹಡಗಿನ ಕಾಗದಪತ್ರ ಇರಲಿಲ್ಲ. ದಾರಿ ಅಳೆಯುವ ಸಾಮಾನು ನೆನಪಿಟ್ಟು ಎತ್ತಿಕೊಂಡವರು ದೆವ್ವ ಕಂಡು ಓಡಿದವರಲ್ಲ. ‘ದೋಣಿಗಳೆಲ್ಲ ಇದ್ದಲ್ಲೇ ಇದ್ದವು’ ಎಂಬುದು 1884ರ ಒಂದು ಕಟ್ಟುಕಥೆಯ ಮಾತು.

ನ್ಯೂಯಾರ್ಕ್‌ನಿಂದ ಇಟಲಿಯ ಜಿನೋವಾಕ್ಕೆ 1701 ಪೀಪಾಯಿ ಮದ್ಯಸಾರ ಹೊರಟಿತ್ತು. ಹಡಗು ಸಾಗಿದ ದಾರಿ ಬರೆದಿಡುವ ಸ್ಲೇಟಿನ ಮೇಲಿನ ಕೊನೆಯ ಬರಹ ನವೆಂಬರ್ 25ರ ಬೆಳಗ್ಗೆ 8 ಗಂಟೆಯದು, ಅಜೋರ್ಸ್‌ನ ಸಾಂತಾ ಮರಿಯಾ ದ್ವೀಪದ ಹತ್ತಿರ. ಒಂದು ಪಂಪು ಬಿಚ್ಚಿಟ್ಟಿತ್ತು, ನೀರಳೆಯುವ ಕೋಲು ಡೆಕ್ಕಿನ ಮೇಲೆ ಬಿದ್ದಿತ್ತು, ತಳದಲ್ಲಿ ಮೂರೂವರೆ ಅಡಿ ನೀರು. ಅಷ್ಟಕ್ಕೆ ಆ ಹಡಗು ಮುಳುಗದು. ಆದರೆ ಪಂಪು ಕೈಕೊಟ್ಟು ಅಳತೆಯೂ ನಂಬುವಂತಿಲ್ಲದಾಗ ಅದು ಗೊತ್ತಾಗುವುದು ಹೇಗೆ? ಕ್ಯಾಪ್ಟನ್ ಬ್ರಿಗ್ಸ್ ಜೊತೆಗೆ ಹೆಂಡತಿ, ಎರಡು ವರ್ಷದ ಮಗಳು. ದ್ವೀಪ ಹತ್ತಿರವಿರುವಾಗಲೇ ಅವರು ದೋಣಿ ಇಳಿಸಿದರು ಎಂದೇ ನಾನು ತಿಳಿದಿದ್ದೇನೆ. ಪಟ ಬಿಚ್ಚಿದ್ದ ಹಡಗು ಗಾಳಿ ಹಿಡಿದು ಹೊರಟರೆ ದೋಣಿಯಲ್ಲಿ ಹುಟ್ಟು ಹಾಕಿ ಹಿಡಿಯಲಾಗದು.

ಮದ್ಯಸಾರದ ಆವಿಗೆ ಹೆದರಿದರು ಎನ್ನುವವರೂ ಇದ್ದಾರೆ. ಜಿನೋವಾದಲ್ಲಿ ಒಂಬತ್ತು ಪೀಪಾಯಿ ಖಾಲಿ ಸಿಕ್ಕಿದ್ದು ನಿಜ. ಬೆಂಕಿಯ ಗುರುತು ಮಾತ್ರ ಇರಲಿಲ್ಲ. ‘ರಹಸ್ಯ ಬಯಲು’ ಎಂದು ವಿಡಿಯೊ ಮಾಡುವವರನ್ನು ನಂಬಬೇಡಿ. ಬ್ರಿಗ್ಸ್ ಅವರನ್ನು ಹೇಡಿ ಎಂದು ಬರೆದು ಕಳಿಸಲೂಬೇಡಿ, ನಾನು ಉತ್ತರಿಸುವುದಿಲ್ಲ.

ಪ್ರಶ್ನೆ: ಬರ್ಮುಡಾ ತ್ರಿಕೋನವೇ ಕಾರಣವಲ್ಲವೇ?

ಉತ್ತರ: ಭೂಪಟ ತೆಗೆಯಿರಿ. ಹಡಗು ಸಿಕ್ಕಿದ್ದು ಅಟ್ಲಾಂಟಿಕ್‌ನ ಇನ್ನೊಂದು ದಡದ ಕಡೆ.

ಪ್ರಶ್ನೆ: ದೈತ್ಯ ಆಕ್ಟೋಪಸ್?

ಉತ್ತರ: ಅಲ್ಲ.

ಪ್ರಶ್ನೆ: ಹಡಗಿಗೆ ಶಾಪವಿತ್ತೇ? ಕೊನೆಗೆ ಏನಾಯಿತು?

ಉತ್ತರ: ಶಾಪವಲ್ಲ, ಮನುಷ್ಯನ ದುರಾಸೆ. 1861ರಲ್ಲಿ ಈಗಿನ ಕೆನಡಾದ ನೋವಾ ಸ್ಕೋಷಿಯಾದಲ್ಲಿ ‘ಅಮೆಜಾನ್’ ಎಂಬ ಹೆಸರಿನಿಂದ ನೀರಿಗಿಳಿದ ಹಡಗಿದು. 1867ರಲ್ಲಿ ಬಿರುಗಾಳಿಗೆ ದಡಕ್ಕೆ ಬಿತ್ತು, ಕೈ ಬದಲಾಯಿತು, ಹೆಸರೂ ಬದಲಾಯಿತು. 1885ರ ಜನವರಿ 3ರಂದು ಕ್ಯಾಪ್ಟನ್ ಗಿಲ್ಮನ್ ಪಾರ್ಕರ್ ಅದನ್ನು ಹೈಟಿಯ ಹವಳದ ದಿಬ್ಬಕ್ಕೆ ಬೇಕೆಂದೇ ನುಗ್ಗಿಸಿದ. ಬೆಲೆಯಿಲ್ಲದ ಸರಕಿಗೆ 30,000 ಡಾಲರ್ ವಿಮೆ ಮಾಡಿಸಿದ್ದರು. ಬಾಸ್ಟನ್‌ನಲ್ಲಿ ವಿಚಾರಣೆ ನಡೆಯಿತು. ಜ್ಯೂರಿಗಳಲ್ಲಿ ಒಮ್ಮತ ಬರಲಿಲ್ಲ, ಅವನಿಗೆ ಶಿಕ್ಷೆಯಾಗಲಿಲ್ಲ. ಇಪ್ಪತ್ಮೂರು ವರ್ಷ ಸರಕು ಹೊತ್ತ ಹಡಗಿನ ತಳ ಅಲ್ಲೇ ಕಿತ್ತುಹೋಯಿತು.