ಉಪವಾಸ ಪ್ರಾರ್ಥನೆ ತಪ್ಪಿದರೆ ದೇವರ ಕೃಪೆ ಕಳೆದುಹೋಗುತ್ತದೆಯೇ?

ತೊಗರಿ ರಾಶಿ ಹೊತ್ತಿನಲ್ಲಿ ಮೂರು ಶುಕ್ರವಾರ ಉಪವಾಸ ಪ್ರಾರ್ಥನೆಗೆ ಹೋಗಲಾಗಲಿಲ್ಲ, ಸಭೆಯ ಹಿರಿಯರೊಬ್ಬರು "ಹಿಂಗಾದ್ರ ಕೃಪಾ ಕಳಕೋತೀರಿ" ಅಂದರು, ಈಗ ಮೊಣಕಾಲೂರಿದರೂ ಹೆದರಿಕೆ ಆಗುತ್ತದೆ ಎಂದು ಬರೆದಿದ್ದೀರಿ. ಬೀದರ್ ಕಡೆ ಹಳ್ಳಿಗಳಲ್ಲಿ ಈ ಮಾತು ಬಹಳ ಓಡಾಡುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಕಳೆದುಹೋಗುವುದಿಲ್ಲ. ಉಪವಾಸ ಮಾಡಿ ಗಳಿಸಿದ್ದಾಗಿದ್ದರೆ ತಾನೇ ಉಪವಾಸ ಬಿಟ್ಟಾಗ ಹೋಗುವುದು? ಎಫೆಸ 2:8-9ರಲ್ಲಿ ಪೌಲನು ರಕ್ಷಣೆಯನ್ನು ದೇವರ ವರ ಎನ್ನುತ್ತಾನೆ, ನಮ್ಮ ಕ್ರಿಯೆಗಳ ಫಲವಲ್ಲ ಎನ್ನುತ್ತಾನೆ. ಹತ್ತನೆಯ ವಚನವನ್ನೂ ಓದಿ. ಸತ್ಕ್ರಿಯೆ ಅಲ್ಲಿದೆ, ಆದರೆ ಕೃಪೆಯ ನಂತರ ಬರುತ್ತದೆ.

ಈ ಜಗಳ ಹೊಸದಲ್ಲ. "ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು" ಎಂಬ ಬಿಷಪ್ ಅಗಸ್ಟೀನನ ಪ್ರಾರ್ಥನೆ ಕೇಳಿ ರೋಮಿನಲ್ಲಿದ್ದ ಬೋಧಕ ಪೆಲಾಗಿಯಸ್‌ ಸಿಟ್ಟಾದ. ಹೀಗಂದರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಅವನ ಚಿಂತೆ. ನಿಮ್ಮ ಹಿರಿಯರ ಕಾಳಜಿಯೂ ಅಂಥದ್ದೇ ಇರಬಹುದು, ಅವರ ಮೇಲೆ ಬೇಸರ ಬೇಡ. ಆದರೆ 418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ಸೇರಿದ ಬಿಷಪ್ಪರು ಸ್ಪಷ್ಟವಾಗಿ ಹೇಳಿದರು: ಕೃಪೆ ಎಂದರೆ ಹಿಂದಿನ ಪಾಪದ ಕ್ಷಮೆ ಮಾತ್ರವಲ್ಲ, ಮುಂದೆ ಪಾಪ ಮಾಡದಿರಲು ಬೇಕಾದ ಬಲವೂ ಹೌದು. "ನಮ್ಮ ತಪ್ಪುಗಳನ್ನು ಕ್ಷಮಿಸು" ಎಂದು ಪರಿಶುದ್ಧರು ಕೇಳುವುದು ಬರೀ ವಿನಯಕ್ಕಲ್ಲ, ನಿಜವಾಗಿಯೂ ತಮಗಾಗಿಯೇ ಎಂದೂ ಹೇಳಿದರು. 529ರಲ್ಲಿ ಇಂದಿನ ಫ್ರಾನ್ಸಿನ ಆರಾಂಜ್ ಊರಲ್ಲಿ ಸೇರಿದ ಬಿಷಪ್ಪರ ಸಭೆ ಇನ್ನೂ ಹಿಂದಕ್ಕೆ ಹೋಯಿತು: ನಂಬಬೇಕೆಂಬ ಮೊದಲ ಆಸೆಯೂ ಕೃಪೆಯಿಂದಲೇ. ನಮ್ಮ ಭಾಗದ ಮೆಥಡಿಸ್ಟ್ ಸಭೆಗಳಿಗೆ ಆ ಪಂಥದ ಮೂಲ ಬೋಧಕ ಜಾನ್ ವೆಸ್ಲಿಯಿಂದ ಬಂದ ಬೋಧನೆಯೂ ಇದನ್ನೇ ಒತ್ತಿ ಹೇಳುತ್ತದೆ: ನಾವು ಹುಡುಕುವ ಮೊದಲೇ ಕೃಪೆ ನಮ್ಮ ಕಡೆ ಬಂದಿರುತ್ತದೆ. ಪ್ರಾರ್ಥನೆ ತಪ್ಪಿತಲ್ಲಾ ಎಂದು ನಿಮಗೆ ನೋವಾಗುತ್ತಿದೆಯಲ್ಲ, ಅದು ಕೃಪೆ ನಿಮ್ಮನ್ನು ಬಿಟ್ಟಿಲ್ಲ ಎಂಬುದಕ್ಕೇ ಗುರುತು.

ಈಗ ಮಾಡಬೇಕಾದ್ದು. ಪ್ರಾರ್ಥನೆಯನ್ನು "ಇನ್ನು ತಪ್ಪಿಸೋದಿಲ್ಲ ಕರ್ತನೇ" ಎಂಬ ಮಾತಿನಿಂದ ಶುರುಮಾಡಬೇಡಿ. ಬಹಳ ಜನ ಎಡವುವುದು ಅಲ್ಲೇ, ಆ ಮಾತು ಮುರಿದ ದಿನ ಪ್ರಾರ್ಥನೆಯೇ ನಿಲ್ಲುತ್ತದೆ. ಮೊದಲು ಸ್ತೋತ್ರ, ಆಮೇಲೆ ಪಾಪ ಅರಿಕೆ, ಕೊನೆಗೆ ಬೇಡಿಕೆ. ತಪ್ಪಿದ ಮೂರು ಶುಕ್ರವಾರಕ್ಕೆ ಬದಲಾಗಿ ಮೂರು ದಿನ ಒಟ್ಟಿಗೆ ಉಪವಾಸ ಹಿಡಿಯುವುದೂ ಬೇಡ. ಹೊಲದ ಕೆಲಸದಲ್ಲಿ ದೇಹ ಸೋಲುತ್ತದೆ, ಮನಸ್ಸಿಗೆ ಸಾಲ ತೀರಿಸಿದ ಭಾವ ಬರುತ್ತದೆ. ಗಲಾತ್ಯ 3:3ರಲ್ಲಿ "ಆತ್ಮನಿಂದ ಶುರುಮಾಡಿ ಈಗ ಸ್ವಂತ ಬಲದಿಂದ ಮುಗಿಸುತ್ತೀರೋ" ಎಂದು ಪೌಲನು ಗದರಿಸುವುದು ಇಂಥದ್ದಕ್ಕೇ.

ಹೊಲದಲ್ಲಿದ್ದಾಗ ಕೀರ್ತನೆ 70:1 ಸಾಕು: "ದೇವರೇ, ನನ್ನ ಸಹಾಯಕ್ಕೆ ಬೇಗ ಬಾ." ಐದನೆಯ ಶತಮಾನದ ಸನ್ಯಾಸಿ ಜಾನ್ ಕಾಸಿಯನ್ ಇದನ್ನು ಊಟಕ್ಕೆ ಮುಂಚೆ, ಮಲಗುವಾಗ, ಮನಸ್ಸು ಚದುರಿದಾಗ ಹೇಳಲು ಕಲಿಸಿದ. ಇನ್ನೂ ಹಳೆಯ, ಆದಿ ಸಭೆಯ ದಿದಾಖೆ ಎಂಬ ಬೋಧನಾ ಗ್ರಂಥ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ, ಉಪವಾಸವನ್ನು ಬುಧವಾರ ಮತ್ತು ಶುಕ್ರವಾರ ಎನ್ನುತ್ತದೆ. ಅಂದರೆ ಶಿಸ್ತು ಬೇಕು. ಕೃಪೆ ಇದೆಯಲ್ಲ ಎಂದು ಬೇಕಂತಲೇ ಬಿಟ್ಟರೆ ರೋಮಾ 6:1-2 ಅಡ್ಡ ನಿಲ್ಲುತ್ತದೆ: ಕೃಪೆ ಹೆಚ್ಚಲಿ ಎಂದು ಪಾಪದಲ್ಲೇ ಇರಬಾರದು ಎನ್ನುತ್ತದೆ ಅದು.

ರಾಶಿ ಮುಗಿಯುವ ತನಕ ಶುಕ್ರವಾರ ಒಂದೇ ಹೊತ್ತಿನ ಊಟ ಬಿಡಿ, ನೀರು ಕುಡಿಯಿರಿ. ಸಕ್ಕರೆ ಕಾಯಿಲೆಗೆ ಗುಳಿಗೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅಷ್ಟನ್ನೂ ಬಿಡಬಾರದು. ಸಂಜೆ ಮನೆಯವರ ಜೊತೆ ಹತ್ತು ನಿಮಿಷ ಕೂತು ಎಫೆಸ ಎರಡನೆಯ ಅಧ್ಯಾಯ ಓದಿ.