ಗ್ರಾಫಿಕ್ಸ್ ಅದ್ಭುತವಾಗಿದ್ದೂ ಕಥೆ ಸಪ್ಪೆ ಅನಿಸಿದ ಸೈನ್ಸ್ ಫಿಕ್ಷನ್ ಸಿನಿಮಾ ಯಾವುದು?

ನನಗೆ ಅದು 2009ರ ‘ಅವತಾರ್’. ರಾತ್ರಿ ಕಾಡಿನಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ ನೆಲ ಬೆಳಗುತ್ತದಲ್ಲ, ಆ ದೃಶ್ಯ ಇವತ್ತಿಗೂ ಕಣ್ಣಲ್ಲಿದೆ. ನಟರ ಮುಖದ ಮುಂದೆ ಪುಟ್ಟ ಕ್ಯಾಮೆರಾ ಕಟ್ಟಿ, ಹುಬ್ಬು ತುಟಿ ಅಲುಗಿದ್ದನ್ನೂ ಹಿಡಿದು ಆ ಅನ್ಯಲೋಕದ ಜನರ ನೀಲಿ ಮುಖಗಳಿಗೆ ಕೊಟ್ಟಿದ್ದಾರೆ. ಛಾಯಾಗ್ರಹಣ, ಕಲಾ ನಿರ್ದೇಶನ, ವಿಶುವಲ್ ಎಫೆಕ್ಟ್ಸ್ ಅಂತ 3 ಆಸ್ಕರ್ ಬಂತು. ಚಿತ್ರಕಥೆಗೆ ನಾಮಿನೇಷನ್ ಕೂಡ ಇರಲಿಲ್ಲ. ಸರಿಯೇ ಅಲ್ವಾ? ಹೊರಗಿಂದ ಬಂದ ಸೈನಿಕ ಕೊನೆಗೆ ತನ್ನವರ ವಿರುದ್ಧವೇ ನಿಲ್ಲುತ್ತಾನೆ ಅಂತ ಬೇಗನೆ ಗೊತ್ತಾಗಿಬಿಡುತ್ತದೆ.

ನಮ್ಮ ಕಾಸರಗೋಡಿನ ಯಕ್ಷಗಾನ ಆಟಗಳಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ದೊಂದಿ ಬೀಸುತ್ತಾ, ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸಿಕೊಂಡು ಬಂದಾಗ ಮೈ ಜುಂ ಅನ್ನುತ್ತದೆ. ಆಮೇಲೆ ರಾವಣ ಅರ್ಥ (ಪಾತ್ರದ ಮಾತು) ಹೇಳತೊಡಗಿದರೆ ಅವನ ಸಂಕಟವೂ ನಮಗೆ ತಟ್ಟುತ್ತದೆ. ‘ಅವತಾರ್’ನ ಖಳನಾಯಕ ಕರ್ನಲ್‌ಗೆ ಅಂಥ ಒಂದು ಮಾತೂ ಸಿಗಲಿಲ್ಲ.