ಕಾವಲುಗಾರನ ವೇಷಕ್ಕೆ ಕಾಣುವುದೆಷ್ಟು?

ಸಾಗರದ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ:

‘ಕಳೆದ ಸಂಚಿಕೆಯಲ್ಲಿ ಜರ್ಮನಿಯ ರೋಥೆನ್‌ಬುರ್ಗ್ ಪಟ್ಟಣದಲ್ಲಿ ಹಳೆಯ ಕಾಲದ ಕಾವಲುಗಾರನ ವೇಷ ತೊಟ್ಟ ಗೈಡ್ ನಡೆಸುವ ರಾತ್ರಿ ಗಸ್ತಿನ ಬಗ್ಗೆ ಬಂದ ಲೇಖನ ಓದಿದೆ. ಎರ್ಲಾಂಗೆನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನೂ ಅದನ್ನು ನೋಡಿದ್ದೇನೆ. ಕರಿಯ ನಿಲುವಂಗಿ, ಕೈಯಲ್ಲಿ ಲಾಂದ್ರ, ಹೆಗಲ ಮೇಲೆ ಆಯುಧ, ಹಿಂದೆ ಪ್ರವಾಸಿಗರ ದಂಡು. ಪ್ಲೇಗಿನಲ್ಲಿ ಜನ ಸತ್ತದ್ದನ್ನು ಹೇಳಿದರೂ ನಗು, ಗಲ್ಲಿಗೇರಿಸಿದ್ದನ್ನು ಹೇಳಿದರೂ ನಗು. ಶಾಲಾ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆಗೂ ಇದಕ್ಕೂ ಏನು ವ್ಯತ್ಯಾಸ? ಒಂಬತ್ತು ವರ್ಷದ ಮೊಮ್ಮಗ ಮಾತ್ರ ಮನೆಗೆ ಬಂದ ಮೇಲೂ “ಊರಬಾಗಿಲು ಹಾಕಿದ ಮೇಲೆ ಬಂದವರು ಎಲ್ಲಿ ಮಲಗುತ್ತಿದ್ದರು ಅಜ್ಜ?” ಎಂದು ತಲೆ ತಿನ್ನುತ್ತಿದ್ದ. ಅಂದಹಾಗೆ, ಅಲ್ಲಿನ ಮಾಜಿ ಮೇಯರ್ ಒಬ್ಬ ಒಂದೇ ಉಸಿರಿಗೆ ಮೂರೂಕಾಲು ಲೀಟರ್ ದ್ರಾಕ್ಷಾರಸ ಕುಡಿದು ಊರನ್ನು ಉಳಿಸಿದನಂತೆ. ನಿಜವೇ? ಇಂಥ ವೇಷದ ಇತಿಹಾಸವನ್ನು ನಿಮ್ಮ ಪತ್ರಿಕೆ ಹೊಗಳುವುದು ಸರಿಯೇ? ನಾಳೆ ನಮ್ಮ ಇಕ್ಕೇರಿಯಲ್ಲೂ ಇದು ಶುರುವಾದರೆ ನಾನಂತೂ ದೊಣ್ಣೆ ಹಿಡಿದು ನಿಲ್ಲುತ್ತೇನೆ.’

ಮಾನ್ಯ ಮೇಷ್ಟರೇ,

ನಿಮ್ಮ ಪತ್ರದಲ್ಲಿ ಎರಡು ದೂರುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ವೇಷ ಹಾಕಿದ್ದೇ ತಪ್ಪು ಎಂಬುದು ಒಂದು. ಹೇಳಿದ್ದು ಹಗುರವಾಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಎರಡನೆಯದರಲ್ಲಿ ಹುರುಳಿದೆ, ಆದರೆ ನೀವು ಬೆರಳಿಟ್ಟು ತೋರಿಸಿದ ಜಾಗದಲ್ಲಲ್ಲ.

ಮೊದಲು ಆ ಮೇಯರ್ ವಿಷಯ ಮುಗಿಸಿಬಿಡೋಣ. 1631ರ ಅಕ್ಟೋಬರ್ ಕೊನೆಯಲ್ಲಿ, ಮೂವತ್ತು ವರ್ಷಗಳ ಯುದ್ಧದ ನಡುವೆ, ಕ್ಯಾಥೊಲಿಕ್ ಪಡೆಗಳ ಸೇನಾಪತಿ ಟಿಲ್ಲಿ ಪ್ರೊಟೆಸ್ಟೆಂಟರ ಈ ಪಟ್ಟಣವನ್ನು ಹಿಡಿದದ್ದು ನಿಜ. ಆದರೆ ನುಷ್ ಎಂಬ ಮಾಜಿ ಮೇಯರ್ ದೊಡ್ಡ ಪಾತ್ರೆಯನ್ನು ಒಂದೇ ಉಸಿರಿಗೆ ಬರಿದುಮಾಡಿದ, ಅದನ್ನು ಕಂಡು ಬೆರಗಾದ ಟಿಲ್ಲಿ ಊರಿಗೆ ಜೀವದಾನ ಕೊಟ್ಟ ಎಂಬುದಕ್ಕೆ ಆ ಕಾಲದ ದಾಖಲೆಗಳ ಬೆಂಬಲವಿಲ್ಲ. ಕತೆ ಇಂದಿನ ರೂಪದಲ್ಲಿ ಮನೆಮಾತಾದದ್ದು 1881ರಲ್ಲಿ, ಆಡಂ ಹೋರ್ಬರ್ ಎಂಬ ಸ್ಥಳೀಯ ಕವಿ ಬರೆದ ನಾಟಕದಿಂದ. ಕ್ರೈಸ್ತರ ಪೆಂಟೆಕೊಸ್ಟ್ ಹಬ್ಬದ ದಿನಗಳಲ್ಲಿ ಊರಿನವರು ಇಂದಿಗೂ ಹದಿನೇಳನೇ ಶತಮಾನದ ಉಡುಪು ತೊಟ್ಟು ಅದನ್ನು ಆಡುತ್ತಾರೆ. 1910ರಲ್ಲಿ ಮಾರುಕಟ್ಟೆ ಚೌಕದ ಗಡಿಯಾರಕ್ಕೆ ಎರಡು ಗೊಂಬೆಗಳನ್ನು ಕೂಡಿಸಿದರು. ಗಂಟೆ ಹೊಡೆದಾಗ ಎರಡು ಕಿಟಕಿಗಳು ತೆರೆದುಕೊಳ್ಳುತ್ತವೆ. ಒಂದು ಕಡೆ ಟಿಲ್ಲಿ, ಇನ್ನೊಂದು ಕಡೆ ಪಾತ್ರೆ ಎತ್ತುವ ನುಷ್. ಕೆಳಗೆ ನಿಂತವರೆಲ್ಲ ಮೊಬೈಲ್ ಎತ್ತುತ್ತಾರೆ.

ಈಗ ಹೇಳಿ, ಹೆಚ್ಚು ಮೋಸ ಮಾಡುವವರು ಯಾರು? ನಿಲುವಂಗಿ ತೊಟ್ಟು ಬರುವವನನ್ನು ಕಂಡ ಕೂಡಲೇ ‘ಇವನು ನಟಿಸುತ್ತಾನೆ’ ಎಂದು ಮಗುವಿಗೂ ತಿಳಿಯುತ್ತದೆ. ಕಟ್ಟಡದ ನೆತ್ತಿಯಲ್ಲಿ ಕುಳಿತ ಗಡಿಯಾರ ಅಂಥ ಸುಳಿವು ಕೊಡುವುದಿಲ್ಲ. ಕಲ್ಲು, ಕಂಚು, ಫಲಕ ಇವುಗಳ ಮೇಲೆ ಬರೆದದ್ದನ್ನು ನಾವು ಪ್ರಶ್ನೆಯಿಲ್ಲದೆ ನುಂಗುತ್ತೇವೆ. ಸೂಟು ತೊಟ್ಟು ಬಾವುಟ ಹಿಡಿದು ನಡೆಯುವ ಗೈಡ್ ಹೇಳಿದ ಸುಳ್ಳಿಗೂ ನಮ್ಮಲ್ಲಿ ಬೆಲೆ ಹೆಚ್ಚು.

ಹಾಗಾಗಿ ವೇಷ ಇದೆಯೋ ಇಲ್ಲವೋ ಎಂಬುದಕ್ಕಿಂತ ಯಾರ ವೇಷ ಎಂಬುದು ನನಗೆ ಮುಖ್ಯ. ರೋಥೆನ್‌ಬುರ್ಗ್‌ನಲ್ಲಿ ಸಂಜೆ ಎಂಟಕ್ಕೆ ಚೌಕದಿಂದ ಹೊರಡುವವನು ರಾಜನೂ ಅಲ್ಲ, ಕುದುರೆ ಏರಿದ ಸರದಾರನೂ ಅಲ್ಲ. ರಾತ್ರಿ ಕಾವಲುಗಾರ. ನಮ್ಮ ಹಳ್ಳಿಗಳ ತಳವಾರನಂತೆ ಊರಿಗೆಲ್ಲ ಬೇಕಾದವನು, ಆದರೆ ಊರಿನ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳದವನು. ಮಧ್ಯಯುಗದ ಜರ್ಮನ್ ಪಟ್ಟಣಗಳಲ್ಲಿ ಗಲ್ಲಿಗೇರಿಸುವವನು, ಗೋರಿ ತೋಡುವವನು, ರಾತ್ರಿ ಕಾಯುವವನು ಮಾನವಿಲ್ಲದ ಕಸುಬಿನವರೆಂದು ಎಣಿಸಲ್ಪಡುತ್ತಿದ್ದರು. ಅಂಥವರ ಮಕ್ಕಳಿಗೆ ಕುಶಲಕರ್ಮಿಗಳ ಸಂಘಗಳಲ್ಲಿ ಸೇರುವುದೇ ದುಸ್ತರವಾಗಿತ್ತು. ಶ್ರೀಮಂತರ ಮನೆಗಳ ಸಾಲಿರುವ ಹೆರ್ನ್‌ಗಾಸೆ ಬೀದಿಯಲ್ಲಿ ಅವನು ಲಾಂದ್ರ ಹಿಡಿದು ನಡೆಯುತ್ತಿದ್ದ, ಆ ಮನೆಗಳೊಳಗೆ ಅವನಿಗೆ ಕೆಲಸವಿರಲಿಲ್ಲ.

ಅವನ ಸಾಮಗ್ರಿಗಳನ್ನೇ ನೋಡಿ. ಕೊಡಲಿಯ ಅಲಗನ್ನು ಈಟಿಯ ತುದಿಗೆ ಸೇರಿಸಿದಂಥ ಹಾಲ್ಬರ್ಡ್, ಸೊಂಟದಲ್ಲಿ ಒಂದು ಕೊಂಬು, ಕೈಯಲ್ಲಿ ಲಾಂದ್ರ. ಕೊಂಬು ಊದುವುದು ಬೆಂಕಿ ಬಿದ್ದರೆ. ಮರದ ಚೌಕಟ್ಟಿನ ಮನೆಗಳು ಒಂದಕ್ಕೊಂದು ಅಂಟಿಕೊಂಡ ಊರಿನಲ್ಲಿ ಶತ್ರುವಿಗಿಂತ ಒಲೆಯ ಕಿಡಿಯ ಭಯ ಹೆಚ್ಚು. ಉಳಿದ ಹೊತ್ತಿನಲ್ಲಿ ಗಂಟೆ ಗಂಟೆಗೂ ಸಮಯ ಕೂಗಿ ಹೇಳುವುದು, ಕುಡಿದವರನ್ನು ಮನೆ ಸೇರಿಸುವುದು, ಬಾಗಿಲುಗಳನ್ನು ತಳ್ಳಿ ನೋಡುವುದು. ಈ ಊರಿನಲ್ಲಿ ಕೊನೆಯ ನಿಜವಾದ ಕಾವಲುಗಾರ ಕೆಲಸ ಬಿಟ್ಟದ್ದು 1920ರಲ್ಲಿ. ವಿದ್ಯುತ್ತು, ರೈಲು ಎಲ್ಲ ಬಂದ ಮೇಲೂ ಇವನು ಗಸ್ತು ತಿರುಗುತ್ತಿದ್ದ ಎಂಬುದು ನನಗೆ ಯಾವ ರಾಜನ ಕತೆಗಿಂತಲೂ ಸ್ವಾರಸ್ಯವಾಗಿ ಕಂಡಿತು.

ಬುರ್ಗ್‌ಟೋರ್ ಎಂಬ ಕೋಟೆ ಬಾಗಿಲಿನ ಮುಂದೆ ನೀವೂ ನಿಂತಿರಬೇಕು. ಮೇಲೆ ಕಲ್ಲಿನಲ್ಲಿ ಕೆತ್ತಿದ ಒಂದು ಮುಖ, ಬಾಯಿ ತೆರೆದುಕೊಂಡಿದೆ. ಮುತ್ತಿಗೆ ಹಾಕಿದವರ ತಲೆಯ ಮೇಲೆ ಕಾಯಿಸಿದ ರಾಳ ಸುರಿಯುವುದಕ್ಕೆ ಅದು. ಕೆಳಗೆ ದೊಡ್ಡ ಬಾಗಿಲಿನಲ್ಲೇ ಒಂದು ದಿಡ್ಡಿ, ಒಬ್ಬನೇ ಬಗ್ಗಿ ನುಸುಳುವಷ್ಟು. ಸಂಜೆ ಬಾಗಿಲು ಹಾಕಿದ ಮೇಲೆ ಬಂದವನು ಗುರುತು ಹೇಳಿ, ದಂಡ ತೆತ್ತು ಅದರಲ್ಲಿ ನುಸುಳಬೇಕಿತ್ತು. ಶತ್ರುಗಳು ಮೋಸದಿಂದ ದಿಡ್ಡಿ ತೆರೆಸಿದರೂ ಒಳಗೆ ಬರುವುದು ಒಬ್ಬೊಬ್ಬರೇ, ತಲೆ ತಗ್ಗಿಸಿಕೊಂಡು. ಒಳಗೆ ನಿಂತವನಿಗೆ ಅಷ್ಟು ಸಾಕು. ಹಣವಿಲ್ಲದವನು ಬೆಳಗಿನವರೆಗೆ ಗೋಡೆಯ ಹೊರಗೆ.

ನಿಮ್ಮ ಮೊಮ್ಮಗನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಆದರೆ ನನಗೆ ಆ ಪ್ರಶ್ನೆಯೇ ಹೆಚ್ಚು ಹಿಡಿಸಿತು. ‘ಯಾವ ಇಸವಿಯಲ್ಲಿ ಯಾವ ಅರಸ’ ಎಂದು ಹುಡುಗ ಕೇಳಲಿಲ್ಲ. ಬಾಗಿಲು ಮುಚ್ಚಿದ ಊರಿನಲ್ಲಿ ಒಳಗಿನವರು ಯಾರು, ಹೊರಗಿನವರು ಯಾರು ಎಂದು ಕೇಳಿದ. ಅದು ಇತಿಹಾಸದ ಪ್ರಶ್ನೆ ಅಲ್ಲವೆಂದು ನೀವು ತರಗತಿಯಲ್ಲಿ ಹೇಳುತ್ತಿದ್ದಿರೇ? ಆ ಸಂಜೆ ನಿಮ್ಮ ಪಕ್ಕದಲ್ಲೇ ಒಬ್ಬ ವಿದ್ಯಾರ್ಥಿ ತಯಾರಾಗಿದ್ದಾನೆ, ನೀವು ಜನರ ನಗುವನ್ನು ಲೆಕ್ಕ ಹಾಕುತ್ತ ನಿಂತಿದ್ದಿರಿ.

ಇನ್ನೊಂದು ಮಾತನ್ನೂ ಈ ವೇಷದಿಂದಲೇ ಚೆನ್ನಾಗಿ ಹೇಳಬಹುದು. 1274ರಲ್ಲಿ ಹಾಬ್ಸ್‌ಬುರ್ಗ್ ವಂಶದ ಜರ್ಮನ್ ಅರಸ ರುಡಾಲ್ಫನಿಂದ ಸ್ವತಂತ್ರ ಸಾಮ್ರಾಜ್ಯ ನಗರದ (ಅಂದರೆ ನೇರ ಅರಸನಿಗೆ ಮಾತ್ರ ಅಧೀನವಾದ ಊರಿನ) ಪಟ್ಟ ಪಡೆದ ಈ ಊರು ಒಂದು ಕಾಲಕ್ಕೆ ದೊಡ್ಡ ಊರುಗಳ ಸಾಲಿನಲ್ಲಿತ್ತು. ಮೂವತ್ತು ವರ್ಷಗಳ ಯುದ್ಧ ಮತ್ತು 1634ರ ಪ್ಲೇಗಿನ ನಂತರ ಅದರ ಬೆನ್ನುಮೂಳೆ ಮುರಿಯಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಯಾರ ಕೈಯಲ್ಲೂ ಕಾಸಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಚಿತ್ರಕಾರರು ಬಂದು ‘ಆಹಾ, ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ’ ಎಂದು ಬೆರಗಾದರು. ಉಳಿಸಿಕೊಂಡದ್ದು ಬಡತನ. ಪುರಾತತ್ವ ಇಲಾಖೆಗಳು ಹುಟ್ಟುವ ಮೊದಲು ಆ ಕೆಲಸವನ್ನು ಬಡತನವೇ ಮಾಡುತ್ತಿತ್ತು, ಅದೂ ಸಂಬಳವಿಲ್ಲದೆ.

ನಗುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾವಿನ ಮನೆಯಲ್ಲೂ ಮೂಲೆಯಲ್ಲಿ ಕುಳಿತು ಪಿಸುದನಿಯಲ್ಲಿ ನಗುವ ಜನ ನಾವು.

ನನ್ನ ತಕರಾರು ಬೇರೆ. ಪ್ರತಿ ವೇಷಕ್ಕೂ ಕಾಲದ ಒಂದು ಗಡಿ ಇರುತ್ತದೆ, ಕಣ್ಣಿನ ಒಂದು ಮಿತಿ ಇರುತ್ತದೆ. ಕಾವಲುಗಾರನ ನಿಲುವಂಗಿಯೊಳಗೆ ಕೂರದ ಸಂಗತಿಗಳು ಆ ಊರಿನಲ್ಲಿ ಬಹಳ ಇವೆ. ಹದಿಮೂರನೇ ಶತಮಾನದಲ್ಲಿ ಯೆಹೂದಿ ಧರ್ಮಶಾಸ್ತ್ರದ ದೊಡ್ಡ ಪಂಡಿತರಲ್ಲೊಬ್ಬರಾದ ರಬ್ಬಿ (ಧರ್ಮಗುರು) ಮೆಯಿರ್ ಬೆನ್ ಬರೂಕ್ ಪಾಠ ಹೇಳುತ್ತಿದ್ದದ್ದು ಇದೇ ಊರಿನಲ್ಲಿ. ಊರಿಗೆ ಪಟ್ಟ ಕೊಟ್ಟ ಅದೇ ರುಡಾಲ್ಫ್ 1286ರಲ್ಲಿ ಅವರನ್ನು ಸೆರೆಯಲ್ಲಿಟ್ಟ. ಬಿಡುಗಡೆಗೆ ಹಣ ಕೊಟ್ಟರೆ ನಾಳೆ ಎಲ್ಲ ಪಂಡಿತರನ್ನೂ ಹೀಗೇ ಹಿಡಿದು ಹಣ ಕೀಳುತ್ತಾರೆಂದು ಅವರು ಬಿಡುಗಡೆಯನ್ನೇ ಬೇಡವೆಂದರು ಎನ್ನುತ್ತದೆ ಪರಂಪರೆ. 1293ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಶವವನ್ನು ಬಿಟ್ಟುಕೊಟ್ಟದ್ದು ಹದಿನಾಲ್ಕು ವರ್ಷಗಳ ಮೇಲೆ. 1298ರಲ್ಲಿ ಊರಿನ ನೂರಾರು ಯೆಹೂದಿಗಳ ಕೊಲೆಯಾಯಿತು. 1520ರ ಹೊತ್ತಿಗೆ ಉಳಿದವರನ್ನೂ ಓಡಿಸಿದರು. ಮುನ್ನೂರೈವತ್ತು ವರ್ಷಗಳ ನಂತರ ಮತ್ತೆ ಬಂದು ನೆಲೆಸಿದವರನ್ನು 1938ರ ಅಕ್ಟೋಬರಿನಲ್ಲಿ, ದೇಶದ ಉಳಿದೆಡೆ ಯೆಹೂದಿ ಮಂದಿರಗಳಿಗೆ ಬೆಂಕಿ ಬೀಳುವುದಕ್ಕೂ ಕೆಲವು ವಾರ ಮೊದಲೇ, ಊರು ಹೊರಗಟ್ಟಿತು.

ಆ ವರ್ಷಗಳಲ್ಲೇ ನಾಜಿ ಸರ್ಕಾರದ ವಿಹಾರ ಸಂಸ್ಥೆ ದೇಶದ ಮೂಲೆ ಮೂಲೆಯಿಂದ ಜನರನ್ನು ರೋಥೆನ್‌ಬುರ್ಗ್‌ಗೆ ಕರೆತರುತ್ತಿತ್ತು. ಅಪ್ಪಟ ಜರ್ಮನ್ ಊರು ನೋಡಿ ಬನ್ನಿ ಎಂಬುದು ಅದರ ಪ್ರಚಾರದ ತಿರುಳು. ಹಳೆಯ ಊರು, ಹಳೆಯ ಉಡುಪು, ಹಳೆಯ ಹಬ್ಬ, ಇವುಗಳ ಮೇಲಿನ ಮೋಹ ತಾನೇ ತಾನಾಗಿ ಮುಗ್ಧವಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಬೇಡ. ನಿಮ್ಮ ಅನುಮಾನಕ್ಕೆ ಆಧಾರ ಇರುವುದು ಇಲ್ಲಿ. ನಿಲುವಂಗಿ ತೊಟ್ಟವನು ನಗಿಸುವುದರಿಂದ ಇತಿಹಾಸ ಕೆಡುವುದಿಲ್ಲ. ಆ ಗಂಟೆಯ ಗಸ್ತು ಮುಗಿಸಿ ಊರೆಲ್ಲ ನೋಡಿದೆವು ಎಂದು ನಾವು ಹೋಟೆಲಿಗೆ ಹೋಗಿ ಮಲಗಿದರೆ ಕೆಡುತ್ತದೆ.

1945ರ ಮಾತೂ ಅಷ್ಟೇ. ಮಾರ್ಚ್ 31ರಂದು ಬಿದ್ದ ಬಾಂಬುಗಳಿಗೆ ಮೂವತ್ತಕ್ಕೂ ಹೆಚ್ಚು ಜನ ಸತ್ತರು, ಇನ್ನೂರೈವತ್ತಕ್ಕೂ ಹೆಚ್ಚು ಮನೆಗಳು, ಒಂಬತ್ತು ಬುರುಜುಗಳು, ಆರುನೂರು ಮೀಟರಿನಷ್ಟು ಕೋಟೆ ಗೋಡೆ ನೆಲಸಮವಾದವು. ಏಪ್ರಿಲಿನಲ್ಲಿ ಇನ್ನಷ್ಟು ಸುಡದೆ ಉಳಿದದ್ದಕ್ಕೆ ಅಮೆರಿಕದ ಯುದ್ಧ ಖಾತೆಯ ಅಧಿಕಾರಿ ಜಾನ್ ಮೆಕ್ಲಾಯ್ ಅವರ ಮಧ್ಯಪ್ರವೇಶವನ್ನೂ, ಹಿಟ್ಲರನ ಆಜ್ಞೆ ಮೀರಿ ಊರನ್ನು ಒಪ್ಪಿಸಿದ ಜರ್ಮನ್ ಅಧಿಕಾರಿಯನ್ನೂ ಅಲ್ಲಿ ನೆನೆಯುತ್ತಾರೆ. ಕಾವಲುಗಾರ ಈ ಕತೆ ಹೇಳುವಾಗ ಅವನ ವೇಷ ಮಧ್ಯಯುಗದ್ದೇ, ಮಾತು ಮಾತ್ರ ಇಪ್ಪತ್ತನೇ ಶತಮಾನದ್ದು. ನನಗೆ ಆ ಹೊಂದಾಣಿಕೆಯಿಲ್ಲದ ಕ್ಷಣವೇ ಇಷ್ಟವಾಯಿತು. ವೇಷ ಸಾಲದು ಎಂದು ವೇಷಧಾರಿಯೇ ತೋರಿಸಿಕೊಟ್ಟ ಹಾಗಾಯಿತು.

ಇದೇ ದೇಶದ ಉತ್ತರಕ್ಕೆ ವೇಜರ್ ನದಿಯ ದಡದಲ್ಲಿ ಹ್ಯಾಮೆಲಿನ್ ಇದೆ. ಅಲ್ಲಿ ಬೀದಿ ತೋರಿಸುವವನು ಸಾಕ್ಷಾತ್ ಇಲಿಗಳನ್ನು ಹಿಡಿದ ಕೊಳಲಿನವನ ವೇಷದಲ್ಲಿ ಬರುತ್ತಾನೆ. ಬಣ್ಣ ಬಣ್ಣದ ಬಿಗಿಯುಡುಪು, ಗರಿ ಸಿಕ್ಕಿಸಿದ ಟೋಪಿ. ಈ ಕತೆ ನಮಗೆ ಹೊಸದಲ್ಲ. ಬ್ರೌನಿಂಗ್ ಕವಿ 1842ರಲ್ಲಿ ಇಂಗ್ಲಿಷ್ ಪದ್ಯವಾಗಿಸಿದ ಕತೆಯನ್ನು ಕುವೆಂಪು ತುಂಗೆಯ ತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಾಡಿದರು, ನಾವೆಲ್ಲ ಅದನ್ನು ಬಾಯಿಪಾಠ ಮಾಡಿ ಬೆಳೆದೆವು. ಮಕ್ಕಳು ಅವನ ಹಿಂದೆ ಹೋದ ದಿನ 1284ರ ಜೂನ್ 26 ಎನ್ನುತ್ತದೆ ಹ್ಯಾಮೆಲಿನ್‌ನ ನೆನಪು. ಬ್ರೌನಿಂಗ್ ಮಾತ್ರ 1376ರ ಜುಲೈ 22 ಎಂದು ಬರೆದ. ಹದಿನೈದನೇ ಶತಮಾನದ ಒಂದು ಲ್ಯಾಟಿನ್ ಹಸ್ತಪ್ರತಿಯಲ್ಲಿ ಕೊಳಲಿನವನಿದ್ದಾನೆ, ಅವನ ಹಿಂದೆ ಹೋದ 130 ಮಕ್ಕಳಿದ್ದಾರೆ, ಇಲಿಗಳೇ ಇಲ್ಲ. ಇಲಿಗಳು ಕತೆಯೊಳಗೆ ನುಗ್ಗಿದ್ದು ಹದಿನಾರನೇ ಶತಮಾನದ ನಡುವೆ. ಅದಕ್ಕೂ ಹಿಂದಿನದು ಏನು? ಪೂರ್ವದ ಹೊಸ ಸೀಮೆಗಳಿಗೆ ಜನರನ್ನು ಕರೆದೊಯ್ಯುತ್ತಿದ್ದ ಏಜೆಂಟನೊಬ್ಬ ಊರಿನ ಯುವಕರನ್ನು ಹೊರಡಿಸಿಕೊಂಡು ಹೋದನೆಂಬ ವಾದಕ್ಕೆ ವಿದ್ವಾಂಸರಲ್ಲಿ ಹೆಚ್ಚು ಬೆಂಬಲವಿದೆ.

ಹ್ಯಾಮೆಲಿನ್‌ನಲ್ಲಿ ಬುಂಗೆಲೋಸೆನ್ ಎಂಬ ಒಂದು ಓಣಿ ಇದೆ. ಮಕ್ಕಳು ಹೊರಟದ್ದು ಅದೇ ಹಾದಿಯಲ್ಲಿ ಎನ್ನುತ್ತಾರೆ, ಹಾಗಾಗಿ ಅಲ್ಲಿ ವಾದ್ಯ ನುಡಿಸುವಂತಿಲ್ಲ, ಕುಣಿಯುವಂತಿಲ್ಲ. ಮದುವೆಯ ದಿಬ್ಬಣ ಬಂದರೂ ವಾದ್ಯ ನಿಲ್ಲಿಸಿ ದಾಟುವುದು ರೂಢಿ. ಮಕ್ಕಳನ್ನು ಕರೆದೊಯ್ದವನ ವೇಷ ತೊಟ್ಟವನೇ ಈ ಓಣಿಯನ್ನು ತೋರಿಸಬೇಕು. ಇಲ್ಲಿ ರೋಥೆನ್‌ಬುರ್ಗ್‌ಗಿಂತ ಕಷ್ಟ ಹೆಚ್ಚು. ಕಾವಲುಗಾರ ಎಂಬವನು ನಿಜವಾಗಿ ಇದ್ದ, ಅವನ ಕೆಲಸ ಗೊತ್ತಿದೆ. ಕೊಳಲಿನವನು ಯಾರೆಂದೇ ಗೊತ್ತಿಲ್ಲ. ಹಾಗಿದ್ದೂ ಇಲಿಯಿಲ್ಲದ ಹಸ್ತಪ್ರತಿಯ ಮಾತನ್ನು ಹೇಳುವ ವೇಷಧಾರಿ ನನ್ನ ಗೌರವಕ್ಕೆ ಪಾತ್ರ. ಇಲಿ ಆಕಾರದ ಬಿಸ್ಕತ್ತಿನ ಅಂಗಡಿಗೆ ನೇರ ಕರೆದೊಯ್ಯುವವನಲ್ಲ.

ಮುಂದಿನ ಬಾರಿ ಮಗಳ ಮನೆಗೆ ಹೋದಾಗ ಮೊಮ್ಮಗನೊಂದಿಗೆ ಹಗಲು ಹೊತ್ತಿನಲ್ಲಿ ಹೋಗಿ. ಬಿಳಿ ಗೋಪುರದ ಕಡೆಯಿಂದ ಹೊರಟು ಯೂಡೆನ್‌ಗಾಸೆ ನೋಡಿ, ಯೆಹೂದಿಗಳು ಒಂದು ಕಾಲಕ್ಕೆ ವಾಸಿಸಿದ ಹಳೆಯ ಮನೆಗಳು ಆ ಬೀದಿಯಲ್ಲಿ ಇನ್ನೂ ನಿಂತಿವೆ. ಆಮೇಲೆ ಕೋಟೆ ಗೋಡೆ ಹತ್ತಿ. ಮತ್ತೆ ಕಟ್ಟಿದ ಭಾಗದಲ್ಲಿ ಸಾಲಾಗಿ ಕಲ್ಲುಗಳು, ಅವುಗಳ ಮೇಲೆ ಹೆಸರು, ಊರು, ಎಷ್ಟು ಮೀಟರಿಗೆ ಹಣ ಕೊಟ್ಟರೆಂಬ ಲೆಕ್ಕ. ಜಪಾನಿನ ಹೆಸರುಗಳು ಅನೇಕ. ಮಧ್ಯಯುಗದ ಗೋಡೆಯನ್ನು ಇಪ್ಪತ್ತನೇ ಶತಮಾನದ ಪ್ರವಾಸಿಗರು ಮೀಟರ್ ಲೆಕ್ಕದಲ್ಲಿ ಎತ್ತಿ ನಿಲ್ಲಿಸಿದ್ದನ್ನು ಹುಡುಗನೇ ಓದಿ ಹೇಳಲಿ.

ಇನ್ನು ಇಕ್ಕೇರಿಯ ಮಾತು. ಅಲ್ಲಿ ಯಾರಾದರೂ ಪೇಟ ಸುತ್ತಿ ಕತ್ತಿ ಹಿಡಿದು ಕೆಳದಿಯ ಅರಸನಾಗಿ ಬಂದರೆ ದೊಣ್ಣೆ ಹಿಡಿದು ನಿಲ್ಲುವವರಲ್ಲಿ ನಾನೂ ಒಬ್ಬ. ಆದರೆ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿಯ ಕಾಲದ ಒಬ್ಬ ಶ್ಯಾನುಭೋಗ ಕಡತದ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಈ ಗದ್ದೆಗೆ ಎಷ್ಟು ಬೀಜ ಬೀಳುತ್ತದೆ, ಎಷ್ಟು ಬೆಳೆಯುತ್ತದೆ, ಅದರಲ್ಲಿ ಸರ್ಕಾರಕ್ಕೆಷ್ಟು ಎಂದು ಲೆಕ್ಕ ಬಿಚ್ಚಿದರೆ? ಆ ವೇಷ ಕಟ್ಟುವುದಕ್ಕೆ ಕೆಳದಿಯ ಕಾಲವನ್ನು ಓದಿಕೊಂಡವರೇ ಬೇಕು. ಸಾಗರದಲ್ಲಿ ನಿಮಗಿಂತ ತಕ್ಕವರು ನನಗೆ ತೋಚುತ್ತಿಲ್ಲ.

– ಸಂಪಾದಕ